ಎಲ್ಲಿತ್ತ್ ಭಾವ?

ನನ್ನ ಭಾವಮೈದ ಗಂಗೊಳ್ಳಿಯವನು. ಬೋಟಿನ ಕೆಲಸ. ವಾರಕ್ಕೊಮ್ಮೆ ಅಕ್ಕನಿಗೆ ಫೋನ್ ಮಾಡುತ್ತಾನೆ. ಅಕ್ಕನ ಹತ್ತಿರ ಎರಡು ನಿಮಿಷ ಮಾತಾಡಿ, ಆಮೇಲೆ ನನ್ನನ್ನು ಕೇಳುತ್ತಾನೆ. ನನ್ನ ಆರೋಗ್ಯ ವಿಚಾರಿಸಲಿಕ್ಕಲ್ಲ, ಆ ವಾರ ಏನೇನು ಕಂಡೆ ಅಂತ ಹೇಳಲಿಕ್ಕೆ. ಬೋಟಿನ ಪಕ್ಕದಲ್ಲೇ ಡಾಲ್ಫಿನ್ ಹಾರಿದವಂತೆ. ಅಳಿವೆಯಲ್ಲಿ ಗರುಡ ಬಂದು ಇವನ ಕಣ್ಣೆದುರೇ ಮೀನು ಎತ್ತಿಕೊಂಡು ಹೋಯಿತಂತೆ. ಕುಂದಾಪುರದ ಕೋಡಿ ಕಡಲ ತೀರದಲ್ಲಿ ಕಡಲಾಮೆ ರಾತ್ರಿ ಮೇಲೆ ಬಂದು, ಹೊಂಡ ತೋಡಿ, ನೂರರ ಹತ್ತಿರ ಮೊಟ್ಟೆ ಇಟ್ಟು, ಮರಳು ಮುಚ್ಚಿ, ಹಿಂದೆ ತಿರುಗಿ ನೋಡದೆ ಸಮುದ್ರಕ್ಕೆ ಹೋಯಿತಂತೆ. ಈಗ ಅದಕ್ಕೆ ಬೇಲಿ ಕಟ್ಟಿ ಕಾಯುತ್ತಿದ್ದಾರಂತೆ, ಒಂದೂವರೆ ಎರಡು ತಿಂಗಳಿಗೆ ಮರಿ ಹೊರಡುತ್ತವಂತೆ. ಆಲಿವ್ ರಿಡ್ಲೆ ಅನ್ನುವ ಅದರ ಹೆಸರನ್ನು ಅವನು ಸ್ವಂತ ಅತ್ತೆ ಮಗಳ ಹೆಸರು ಹೇಳುವಷ್ಟು ಸಲೀಸಾಗಿ ಹೇಳುತ್ತಾನೆ.

ನಾನು ಸಾಗರಕ್ಕೂ ಸೊರಬಕ್ಕೂ ನಡುವಿನ ಒಂದು ಹಳ್ಳಿಯವನು. ಒಂದು ಎಕರೆ ಅಡಿಕೆ ತೋಟ, ಹಿಂದೆ ಕಾಡು. ಕೇಳಿ ಕೇಳಿ ಒಂದು ದಿನ ನನಗೆ ತಡೆಯಲಿಲ್ಲ.

“ನಿನ್ನ ಆಮೆ ಹಾಗಿರಲಿ ಮಾರಾಯ. ಇಲ್ಲಿ ದಿನಾ ಬೆಳಗಾದರೆ ಕಾಡುಕೋಣ ತೋಟಕ್ಕೆ ಬಂದು ನಿಲ್ಲುತ್ತೆ. ಮಂಗಟ್ಟೆ ಹಕ್ಕಿ ಅಂಗಳದ ಮೇಲೇ ಹಾರುತ್ತೆ. ಮಂಗಗಳಂತೂ ಮನೆಯವರೇ ಆಗಿಬಿಟ್ಟಿವೆ. ಬರೋ ಭಾನುವಾರ ಕೆರೆಬೇಟೆ ಬೇರೆ ಇದೆ. ಬಾ, ತೋರಿಸ್ತೀನಿ” ಅಂದೆ.

ಇದರಲ್ಲಿ ಸುಳ್ಳು ಅಂದರೆ “ದಿನಾ ಬೆಳಗಾದರೆ” ಅನ್ನುವುದೊಂದೇ. ಅವನು ಬರುವುದಿಲ್ಲ ಅನ್ನುವ ಧೈರ್ಯ ನನಗೆ. ಅವನು ಬರ್ತೇನೆ ಅಂದುಬಿಟ್ಟ.

ನಮ್ಮ ಕಡೆ ಶಿವರಾತ್ರಿ ಕಳೆದು ಮಳೆ ಹಿಡಿಯುವವರೆಗೆ ಯಾರೂ ಮನೆಯಲ್ಲಿ ಕೂರುವುದಿಲ್ಲ. ಅಡಿಕೆ ಕೊಯ್ಲು ಮುಗಿದಿರುತ್ತೆ, ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುತ್ತೆ. ಮದುವೆ, ಉಪನಯನ, ಗೃಹಪ್ರವೇಶ, ರಾತ್ರಿಯೆಲ್ಲಾ ಯಕ್ಷಗಾನ, ಹಗಲೆಲ್ಲಾ ಮೈಕಿನಲ್ಲಿ ಕಾಮೆಂಟರಿ ಇರುವ ಟೆನಿಸ್ ಬಾಲ್ ಕ್ರಿಕೆಟ್ಟು. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ. ಆ ವರ್ಷವಾದರೆ ಒಂಬತ್ತು ದಿನ ತಾಲ್ಲೂಕಿನಲ್ಲಿ ಬೇರೆ ಕೆಲಸವೇ ಇಲ್ಲ. ಹೆಂಗಸರಿಗೆ ಮಾತ್ರ ಇದು ರಜೆಯ ಕಾಲವಲ್ಲ. ಅಪ್ಪೆಮಿಡಿ ಬಂದಿರುತ್ತೆ, ಉಪ್ಪಿಗೆ ಹಾಕಬೇಕು. ಅದು ಮುಗಿಯುವುದರೊಳಗೆ ಹಲಸಿನಕಾಯಿ ಬಲಿತಿರುತ್ತೆ, ಹಪ್ಪಳ ಹಚ್ಚಬೇಕು. ಹಪ್ಪಳ ಬಿಸಿಲಿಗೆ ಬಿದ್ದರೆ ಮಂಗ ಬಂತು ಅಂತಲೇ ಲೆಕ್ಕ.

ಈ ಮಂಗಗಳಿಗಾಗಿ ನಾವು ಮಾಡದ ಉಪಾಯ ಇಲ್ಲ. ಗರ್ನಾಲು ಹೊಡೆದೆವು. ಪೇಟೆಯಿಂದ ಹುಲಿ ಗೊಂಬೆ ತಂದು ಅಂಗಳದಲ್ಲಿಟ್ಟೆವು. ಮೂರನೇ ದಿನ ಒಂದು ಮರಿ ಮಂಗ ಆ ಹುಲಿಯ ಬೆನ್ನ ಮೇಲೆ ಕೂತು ನಮ್ಮ ಹಪ್ಪಳ ತಿಂತಾ ಇತ್ತು. ಅಯ್ಯಪ್ಪಸ್ವಾಮಿ ನೆನಪಾಗಿ ನನ್ನ ಅಮ್ಮ ಕೈ ಮುಗಿದರು. ಆಗ ಮಗನಿಗೆ ಹೊಳೆದದ್ದು ನಾಯಿಯ ಐಡಿಯಾ. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ತಮ್ಮ ನಾಯಿಗೆ ಹುಲಿ ಪಟ್ಟೆ ಬಳಿದು ಮಂಗ ಓಡಿಸಿದ ಸುದ್ದಿ ದೇಶಕ್ಕೆಲ್ಲ ಗೊತ್ತಾಗಿತ್ತು, ಅಲ್ವಾ? ನಮ್ಮ ಕೆಂಚನ ಮೈಬಣ್ಣ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹೆಂಡತಿಯ ತಲೆಗೆ ಹಚ್ಚುವ ಬಣ್ಣದ ಎರಡು ಪೊಟ್ಟಣ ಖರ್ಚಾದವು. ನಿಜ ಹೇಳಬೇಕೆಂದರೆ ಕೆಂಚ ಚೆನ್ನಾಗಿಯೇ ಕಂಡ. ಮಂಗಗಳು ಮೊದಲ ದಿನ ಕಿರುಚಿ ಓಡಿದವು. ಎರಡನೇ ದಿನ ಮರದ ಮೇಲೆ ಕೂತು ನೋಡಿದವು. ಕೆಂಚ ಅವುಗಳ ಕಡೆ ನೋಡಿ ಬಾಲ ಅಲ್ಲಾಡಿಸಿದ. ಅಲ್ಲಿಗೆ ಮುಗಿಯಿತು. ಅವನನ್ನು ಹುಲಿ ಅಂತ ನಂಬಿದ್ದು ಕೇರಿಯ ಉಳಿದ ನಾಯಿಗಳು ಮಾತ್ರ. ಅವನು ಪಾಪ ಮನೆ ಬಿಟ್ಟು ಹೊರಗೆ ಹೋಗುವುದನ್ನೇ ನಿಲ್ಲಿಸಿದ.

ಭಾವಮೈದ ಬಂದದ್ದು ಶುಕ್ರವಾರ ರಾತ್ರಿಯ ಕೊನೇ ಬಸ್ಸಿಗೆ. ಕರೆಂಟಿರಲಿಲ್ಲ. ಕೈಯಲ್ಲಿ ಮೊಬೈಲ್ ಟಾರ್ಚು, ಇನ್ನೊಂದು ಕೈಯಲ್ಲಿ ಅಕ್ಕನಿಗೆ ತಂದ ಒಣಮೀನಿನ ಚೀಲ. ಉಣುಗೋಲು ಸರಿಸಿ ಒಳಗೆ ಬರುತ್ತಿದ್ದ ಹಾಗೆ ಟಾರ್ಚಿನ ಬೆಳಕಿಗೆ ಎರಡು ಕಣ್ಣು, ಅದರ ಹಿಂದೆ ಪಟ್ಟೆ ಪಟ್ಟೆ ಮೈ. ಮೀನಿನ ವಾಸನೆಗೆ ಕೆಂಚ ಒಂದೇ ಸಮ ಅವನ ಕಡೆಗೆ ಬರುತ್ತಿದ್ದ. “ಹುಲಿ! ಹುಲಿ ಭಾವಾ!” ಅಂತ ಒಂದು ಕೂಗು ಕೇಳಿತು. ನಾವು ಹೊರಗೆ ಬರುವಷ್ಟರಲ್ಲಿ ಭಾವಮೈದ ದಾಸವಾಳದ ಬೇಲಿಯ ಮೇಲಿದ್ದ. ಕೆಂಚ ಚೀಲದ ಒಳಗಿದ್ದ. ಅರ್ಧ ಕೇಜಿ ಒಣಸೀಗಡಿ ಹೋಯಿತು.

ಮನೆಯವರೆಲ್ಲಾ ಹೊಟ್ಟೆ ಹಿಡಿದು ನಕ್ಕೆವು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ. ಆಳ ಸಮುದ್ರಕ್ಕೆ ಹೋಗುವ ಮನುಷ್ಯ ನಾಯಿಗೆ ಹೆದರಿ ಬೇಲಿ ಹತ್ತಿದ್ದು ಅಂದರೆ ಸುಮ್ನೆನಾ? ಅವನು ಮೈಗೆ ಅಂಟಿದ ಎಲೆ ಕೊಡವಿಕೊಳ್ಳುತ್ತಾ ಏನೂ ಮಾತಾಡಲಿಲ್ಲ. ಅದರ ಬಡ್ಡಿ ವಸೂಲಿ ಮರುದಿನ ಬೆಳಗ್ಗೆಯಿಂದ ಶುರುವಾಯಿತು.

ಬೆಳಗ್ಗೆ ಐದಕ್ಕೇ ಎದ್ದು ತೋಟದ ತಲೆಗೆ ಹೋಗಿ ನಿಂತೆವು. ಕಾಡುಕೋಣ ಇಲ್ಲ. ಆರಾಯಿತು, ಇಲ್ಲ.

“ಎಲ್ಲಿತ್ತ್ ಭಾವ?” ಅಂದ.

“ಬರುತ್ತೆ. ಸ್ವಲ್ಪ ಮೇಲೆ ಹೋಗೋಣ” ಅಂದೆ. ಕಾಡಿಗೆ ಕಾಲಿಡುವ ಮೊದಲು ಅವನ ಕೈಕಾಲಿಗೆಲ್ಲಾ ಡೆಪಾ ಎಣ್ಣೆ ಹಚ್ಚಿದೆ. ಬೇಸಿಗೆಯಲ್ಲಿ ನಮ್ಮ ಕಾಡಿನಲ್ಲಿ ಉಣುಗು ಜಾಸ್ತಿ, ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಅದು ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಇವತ್ತಿಗೂ ಡಾಕ್ಟರುಗಳು ಆ ಊರಿನ ಹೆಸರಿನಿಂದಲೇ ಅದನ್ನು ಕರೆಯುವುದು. ಮಂಗಗಳನ್ನು ನಾವು ಎಷ್ಟೇ ಬೈದರೂ ಎಲ್ಲೋ ಒಂದು ಸತ್ತು ಬಿದ್ದಿದೆ ಅಂದರೆ ಊರಿಗೆ ಊರೇ ಗಪ್‌ಚುಪ್. ಇದನ್ನೆಲ್ಲಾ ವಿವರಿಸುತ್ತಾ ಹೋಗುವಾಗ ತಲೆಯ ಮೇಲೆ ಬುಸ್ ಬುಸ್ ಅಂತ ರೆಕ್ಕೆ ಸದ್ದು. ಮಂಗಟ್ಟೆ! “ನೋಡು ನೋಡು” ಅಂದೆ. ಅವನು ಆಗ ಬಗ್ಗಿ ಕಾಲಿನ ಉಣುಗು ಹುಡುಕುತ್ತಿದ್ದ. ತಲೆ ಎತ್ತುವುದರೊಳಗೆ ಹಕ್ಕಿ ಗುಡ್ಡ ದಾಟಿತ್ತು.

“ಎಲ್ಲಿತ್ತ್ ಭಾವ?”

ಮಾನ ಉಳಿಸಿಕೊಳ್ಳಲು ಗುಡವಿಗೆ ಕರೆದುಕೊಂಡು ಹೋದೆ. ಗುಡವಿ ಪಕ್ಷಿಧಾಮ ಅಂದರೆ ಸಣ್ಣ ಹೆಸರಲ್ಲ. ಮರ ಕಾಣದಷ್ಟು ಬೆಳ್ಳಕ್ಕಿ, ಕೆಂಬರಲು, ನೀರುಕಾಗೆ ಗೂಡು ಕಟ್ಟುವ ಜಾಗ. ಹಾಗೆ ಗೂಡು ಕಟ್ಟುವುದು ಮಳೆಗಾಲದಲ್ಲಿ. ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಅದು ನನಗೆ ನೆನಪಾದದ್ದು ಕೆರೆಯ ಎದುರು ನಿಂತ ಮೇಲೆ. ಏಪ್ರಿಲ್ ಬಿಸಿಲಿಗೆ ನೀರು ಇಳಿದಿತ್ತು. ಒಂದು ಕಾಗೆ ಇತ್ತು. ಅದನ್ನೇ ತೋರಿಸಲು ಮನಸ್ಸು ಬರಲಿಲ್ಲ. ಮಧ್ಯಾಹ್ನ ಜೋಗಕ್ಕೆ ಹೋದೆವು. 830 ಅಡಿ ಬಂಡೆ ಪೂರ್ತಿಯಾಗಿ ಇತ್ತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ವರಲ್ಲಿ ಯಾರೋ ಒಬ್ಬರು ನಲ್ಲಿ ಸರಿಯಾಗಿ ತಿರುಗಿಸದೆ ಹೋದ ಹಾಗೆ ಒಂದು ಕಡೆ ನೀರು ಸೋರುತ್ತಿತ್ತು. ಲಿಂಗನಮಕ್ಕಿಯಲ್ಲಿ ನೀರು ಹಿಡಿದಿಟ್ಟಿರುತ್ತಾರೆ, ಜುಲೈ ಆಗಸ್ಟಿನಲ್ಲಿ ಬಂದರೆ ನೋಡಬೇಕು ಅಂತೆಲ್ಲಾ ಹೇಳಿದೆ. ಅವನು ಚುರುಮುರಿ ತಿನ್ನುತ್ತಾ ಕೇಳಿಸಿಕೊಂಡ. ಈ ಸಲ ಬಾಯಿಬಿಟ್ಟು ಕೇಳಲೂ ಇಲ್ಲ. ಹುಬ್ಬು ಹಾರಿಸಿದ, ಅಷ್ಟೇ.

ಇನ್ನು ಉಳಿದದ್ದು ಕೆರೆಬೇಟೆ.

ಕರಾವಳಿಯವರಿಗೆ ಇದು ಅರ್ಥವಾಗುವುದು ಕಷ್ಟ. ಅವರಿಗೆ ಮೀನು ಅನ್ನುವುದು ಸಂಬಳ. ನಮಗೆ ಇದು ವರ್ಷಕ್ಕೊಂದು ದಿನದ ಹಬ್ಬ. ಬೇಸಿಗೆಯಲ್ಲಿ ಕೆರೆಯ ನೀರು ಮಂಡಿ ಮಟ್ಟಕ್ಕೆ ಇಳಿದಾಗ ಊರಿನವರು ದಿನ ಗೊತ್ತು ಮಾಡುತ್ತಾರೆ. ಸುತ್ತಿನ ಹಳ್ಳಿಗಳಿಗೆ ಆಟೋದಲ್ಲಿ ಮೈಕು ಹೋಗುತ್ತೆ. ಬರುವವರು ಕೂಣಿಗೆ ಇಷ್ಟು ಅಂತ ದುಡ್ಡು ಕಟ್ಟಬೇಕು, ನಮ್ಮಲ್ಲಿ ಆ ದುಡ್ಡು ದೇವಸ್ಥಾನಕ್ಕೆ. ಕೂಣಿ ಅಂದರೆ ಬಿದಿರು ಕಡ್ಡಿಗಳನ್ನು ಹೆಣೆದು ಮಾಡಿದ, ಮೇಲೆ ಕೆಳಗೆ ಎರಡೂ ಕಡೆ ತೆರೆದಿರುವ ಬುಟ್ಟಿ. ಕೆಳಗೆ ಅಗಲ, ಮೇಲೆ ಕೈ ಹೋಗುವಷ್ಟು ಬಾಯಿ. ಅದನ್ನು ನೀರಿಗೆ ಕುಕ್ಕಿ ಕೆಸರಿಗೆ ಒತ್ತಬೇಕು. ಒಳಗೆ ಮೀನು ಸಿಕ್ಕಿದ್ದರೆ ಕಡ್ಡಿಗೆ ಡಬ್ ಅಂತ ಹೊಡೆಯುತ್ತೆ, ಅದು ಅಂಗೈಗೆ ಗೊತ್ತಾಗುತ್ತೆ. ತಕ್ಷಣ ಮೇಲಿನ ಬಾಯಿಂದ ಕೈ ಹಾಕಿ, ತಡಕಿ, ಹಿಡಿದು, ಸೊಂಟಕ್ಕೆ ಕಟ್ಟಿದ ಚೀಲಕ್ಕೆ ತುಂಬಬೇಕು. ಬಲೆ ಹಾಕುವಂತಿಲ್ಲ. ಗಾಳವೂ ಇಲ್ಲ.

ಪೂಜೆಯಾಯಿತು. ಗರ್ನಾಲು ಹಾರಿತು. ಅಲ್ಲಿಯವರೆಗೆ ಏರಿ ಮೇಲೆ ಮದುವೆ ಮನೆಯವರ ಹಾಗೆ ನಿಂತಿದ್ದ ಐನೂರು ಜನ ಹೋ ಅಂತ ಒಂದೇ ಸಲ ಕೆರೆಗೆ ಬಿದ್ದರು. ಎರಡೇ ನಿಮಿಷಕ್ಕೆ ನೀರೆಲ್ಲಾ ಚಹಾ ಬಣ್ಣ. ಬೆಳ್ಳಕ್ಕಿಗಳು ಗಾಬರಿಬಿದ್ದು ಮೇಲೆದ್ದವು, ಗರುಡಗಳು ಲಾಭ ಕಂಡು ಕೆಳಗಿಳಿದವು. ಏರಿ ಮೇಲಿನ ಹೆಂಗಸರು, ಮಕ್ಕಳು, ಐಸ್‌ಕ್ಯಾಂಡಿಯವನು ಎಲ್ಲರೂ ತಮಗೆ ಬೇಕಾದವರ ಹೆಸರು ಹಿಡಿದು ಕೂಗುತ್ತಿದ್ದರು.

ಭಾವಮೈದನ ಕಥೆ ಮೂರು ಹೆಜ್ಜೆಗೇ ಮುಗಿಯಿತು. ಸಮುದ್ರದಲ್ಲಿ ಎಷ್ಟು ಹೊತ್ತು ಬೇಕಾದರೂ ಈಜಬಲ್ಲವನು ನಮ್ಮ ಕೆಸರಿನಲ್ಲಿ ಮೊಣಕಾಲವರೆಗೆ ಹೂತು ನಿಂತುಬಿಟ್ಟ. ಎಡಗಾಲು ಕಿತ್ತರೆ ಬಲಗಾಲು ಇಳಿಯುತ್ತೆ. ಎರಡೂ ಕೀಳಲು ಹೋದರೆ ಲುಂಗಿ ಇಳಿಯುತ್ತೆ. “ನೀವ್ ಹೋಯ್ನಿ ಭಾವ, ನಾನ್ ಇಲ್ಲೇ ಇರ್ತೆ” ಅಂದ. ಬೇರೆ ದಾರಿ ಇರಲಿಲ್ಲ ಬಿಡಿ.

ನಾನು ನುಗ್ಗಿದೆ. ನನ್ನ ಆಚೆ ಈಚೆ ಇದ್ದವರಿಗೆ ಕಾಟ್ಲಾ, ಗೆಂಡೆ, ಕೊರವ ಒಂದರ ಹಿಂದೊಂದು. ಪಕ್ಕದ ಮನೆಯ ಹುಡುಗ ಮೂರು ಕೇಜಿಯದ್ದನ್ನು ಮಗುವಿನ ಹಾಗೆ ಎತ್ತಿಕೊಂಡು ಫೋಟೋ ತೆಗೆಸಿಕೊಂಡ. ನನ್ನ ಚೀಲದಲ್ಲಿ ಬೆರಳುದ್ದದ್ದು ಮೂರು. ಅದರಲ್ಲಿ ಒಂದು ಯಾರದ್ದೋ ಚೀಲದಿಂದ ಜಾರಿ ಬಂದದ್ದು. ಒಂದು ಗಂಟೆ ಕುಕ್ಕಿ ಕುಕ್ಕಿ ರಟ್ಟೆ ಸೋತ ಹೊತ್ತಿಗೆ ಕೊನೆಗೂ ಕೂಣಿ ಅದುರಿತು. ಡಬ್ ಅಲ್ಲ, ಸರ್ರ್ ಅಂತ ಒಂದು ಸುತ್ತು. ಕೈ ಹಾಕಿದೆ. ನುಣ್ಣಗೆ, ಉದ್ದಕ್ಕೆ, ಕೈತುಂಬಾ ಸಿಕ್ಕಿತು.

“ಕೊರವಾ! ದೊಡ್ಡದು!” ಅಂತ ಕೂಗಿದೆ. ಹತ್ತಿರದ ಐವತ್ತು ಜನ ತಿರುಗಿ ನೋಡಿದರು. ಮೇಲೆ ಎತ್ತಿದೆ. ಅದು ಇನ್ನೂ ಬರುತ್ತಲೇ ಇತ್ತು. ಮೀನಾಗಿದ್ದರೆ ಅಷ್ಟು ಹೊತ್ತಿಗೆ ಬಾಲ ಬರಬೇಕಿತ್ತು. ಬಂದದ್ದು ತಲೆ. ಅದು ನನ್ನನ್ನು ನೋಡಿತು, ಹೆಬ್ಬೆರಳ ಬುಡಕ್ಕೆ ಕಚ್ಚಿತು.

ನಾನು ಆಗ ಹಾಕಿದ ಕೂಗು ಯಾವ ಭಾಷೆಯದ್ದು ಅಂತ ಊರಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ. ಹಾವನ್ನು ಬಿಡಬೇಕು ಅಂತ ತಲೆಗೆ ಗೊತ್ತು, ಕೈಗೆ ಗೊತ್ತಾಗಲಿಲ್ಲ. ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೇ ಓಡಿದೆ.

“ಒಳ್ಳೆ ಹಾವು ಮಾರಾಯಾ, ಏನೂ ಮಾಡಲ್ಲ, ಬಿಡು!” ಅಂತ ನಾಲ್ಕು ಕಡೆಯಿಂದ ಕೂಗು. ನೀರೊಳ್ಳೆ ಅಂತ ನನಗೂ ಗೊತ್ತು, ವಿಷ ಇಲ್ಲ ಅಂತಲೂ ಗೊತ್ತು. ಒಳ್ಳೆ ಹಾವು ಅಂತ ಹೆಸರಿಟ್ಟವನ ಕೈಗೆ ಅದು ಕಚ್ಚಿರಲಿಕ್ಕಿಲ್ಲ ಅಷ್ಟೇ.

ಓಡಿ ಬಂದದ್ದು ನೇರ ಭಾವಮೈದ ಹೂತಿದ್ದ ಜಾಗಕ್ಕೆ. ಅವನು ನಿಂತಲ್ಲಿಂದಲೇ ಕೈ ಚಾಚಿ, ಹಾವಿನ ಕತ್ತು ಹಿಡಿದು, ನನ್ನ ಬೆರಳು ಒಂದೊಂದಾಗಿ ಬಿಡಿಸಿ, ಅದನ್ನು ಹುಲ್ಲಿನ ಕಡೆಗೆ ಎಸೆದ. ಬಲೆಗೆ ಬಿದ್ದ ಕಸ ತೆಗೆದಷ್ಟು ಆರಾಮಾಗಿ.

“ಇದಕ್ಕೆ ವಿಷ ಇಲ್ಲೆ ಭಾವ. ನಮ್ಮ್ ಬಲಿಗೆ ಬಪ್ಪು ಹಾವಿಗೆ ಇತ್ತ್” ಅಂದ.

ಅದು ನಿಜವೇ. ಕಡಲ ಹಾವಿನ ವಿಷ ನಾಗರಹಾವಿನದ್ದಕ್ಕೆ ಕಡಿಮೆಯದ್ದಲ್ಲ. ಅಂಥವನ್ನು ದಿನಾ ಬಲೆಯಿಂದ ಬಿಡಿಸಿ ಎಸೆಯುವ ಮನುಷ್ಯ ಮೊನ್ನೆ ಕೆಂಚನಿಗೆ ಹೆದರಿದ್ದ. ಇದನ್ನು ಹೇಳಬೇಕು ಅಂತ ಬಾಯಿಯವರೆಗೆ ಬಂತು. ಕೈ ರಕ್ತ ಸೋರುತ್ತಿತ್ತು, ಸುಮ್ಮನಾದೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದರು, “ಯಾವ ಹಾವು?”

“ಒಳ್ಳೆ ಹಾವು.”

ಅವರು ಬಯಲುಸೀಮೆ ಕಡೆಯವರು, ಬಂದು ತಿಂಗಳಾಗಿತ್ತಷ್ಟೆ. “ಒಳ್ಳೇದೋ ಕೆಟ್ಟದ್ದೋ ಆಮೇಲೆ ನೋಡಾಣ್ರೀ, ಯಾವ ಹಾವು ಹೇಳ್ರಿ” ಅಂದರು. ಭಾವಮೈದ ಗೋಡೆ ಕಡೆ ತಿರುಗಿ ನಿಂತ. ಅವನ ಭುಜ ಅಲ್ಲಾಡುತ್ತಿತ್ತು. ಡಾಕ್ಟರು ಬಂದು ನೋಡಿ, ಗಾಯ ತೊಳೆಸಿ, ಟಿಟಿ ಇಂಜೆಕ್ಷನ್ ಕೊಡಿಸಿ ಕಳಿಸಿದರು.

ದಾರಿಯಲ್ಲಿ ಪಕ್ಕದ ಮನೆಯ ಹುಡುಗನ ಹತ್ತಿರ ದುಡ್ಡು ಕೊಟ್ಟು ಅರ್ಧ ಕಾಟ್ಲಾ ತಂದೆವು. ಹೆಂಡತಿ ವಾಟೆಹುಳಿ ಹಾಕಿ ಸಾರು ಮಾಡಿದಳು. ಅವಳ ತಮ್ಮ ಮೂಗಿನ ಹತ್ತಿರ ಹಿಡಿದು, “ಕೆಸರಿನ್ ವಾಸ್ನಿ ಇತ್ತಲ್ಲೇ ಅಕ್ಕ” ಅಂದ. “ಜೂನ್ 1ರಿಂದ ಜುಲೈ 31ರವರೆಗೆ ಬೋಟು ದಡದಲ್ಲಿ ಕಟ್ಟಿ ಕೂರ್ತೀಯಲ್ಲ, ಆ 61 ದಿನದಲ್ಲಿ ಒಂದು ದಿನ ಬಾ. ಆಗ ವಾಸನೆ ಬರುತ್ತಾ ನೋಡೋಣ” ಅಂದಳು ಅವಳು. ಅವನು ಎರಡನೇ ಸಲ ಬಡಿಸಿಕೊಂಡ.

ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟ. ಅವನನ್ನು ಹತ್ತಿಸಿ ಮನೆಗೆ ಬರುತ್ತೇನೆ, ಅಂಗಳದಲ್ಲಿ ಇಪ್ಪತ್ತು ಮಂಗ. ಮೂರು ದಿನ ಒಂದರ ಬಾಲವೂ ಕಂಡಿರಲಿಲ್ಲ. ಹಪ್ಪಳದ ಚಾಪೆ ಒಂದು ಕಡೆ, ಹಪ್ಪಳ ಇನ್ನೊಂದು ಕಡೆ. ಕೆಂಚ ತನ್ನ ಪಟ್ಟೆಗಳ ಸಮೇತ ಬಚ್ಚಲೊಲೆಯ ಪಕ್ಕ ಮುದುಡಿ ಮಲಗಿದ್ದ.

ಒಂಬತ್ತು ಗಂಟೆಯ ಮೇಲೆ ಫೋನ್ ಬಂತು. ನಾಗೋಡಿ ದಾಟಿ ಕೊಲ್ಲೂರು ಘಾಟಿ ಇಳಿಯುತ್ತಿದ್ದಾರಂತೆ. ಬಸ್ಸು ನಿಂತುಬಿಟ್ಟಿದೆಯಂತೆ. ರಸ್ತೆ ಮಧ್ಯ ಕಾಡುಕೋಣ, ಒಂದಲ್ಲ ಮೂರು, ಕಾಲಿಗೆ ಬಿಳಿ ಸಾಕ್ಸ್ ಹಾಕಿಕೊಂಡ ಹಾಗೆ. “ಗುಡ್ಡಿ ಹಾಂಗಿತ್ತ್ ಭಾವ, ಗುಡ್ಡಿ ಹಾಂಗೆ!” ಅಂತ ಅವನು ಪಿಸುಗುಡುತ್ತಿದ್ದ. ವಾಟ್ಸಾಪಿಗೆ ಫೋಟೋ ಹಾಕಿದ್ದೇನೆ ನೋಡಿ ಅಂದ.

ಕನ್ನಡಕ ಹಾಕಿಕೊಂಡು ನೋಡಿದೆ. ಕಂಡಕ್ಟರ್ ಬೆನ್ನು ಕಂಡಿತು. ಮುಂದಿನ ಗಾಜಿಗೆ ತೂಗುಬಿಟ್ಟ ನಿಂಬೆಹಣ್ಣು, ಮೆಣಸಿನಕಾಯಿ ಕಂಡವು. ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ಎಲ್ಲಾ ಮೂಲೆ ಹುಡುಕಿದೆ. ಆಮೇಲೆ ಸಾವಕಾಶವಾಗಿ ಕೂತು, ಒಂದು ಹಪ್ಪಳದ ಚೂರು ಬಾಯಿಗೆ ಹಾಕಿಕೊಂಡು, ಅವನಿಗೆ ಫೋನ್ ಹಚ್ಚಿದೆ.

“ಎಲ್ಲಿತ್ತ್ ಮಾರಾಯ?”