ಆ ಒಂದು ದೀರ್ಘ ಎಲ್ಲಿ ಹೋಯಿತು?

ಈಗಷ್ಟೇ ಜಪಾನಿ ಪಾಠ ಮುಗಿಸಿ ಕೂತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಬರೆದರಾದರೂ ಇಳಿಯುತ್ತದೇನೋ ನೋಡೋಣ.

ನಾನು ಆನ್‌ಲೈನ್‌ನಲ್ಲಿ ಜಪಾನಿ ಕಲಿಯುತ್ತಿರುವುದು ನಿಮಗೆಲ್ಲ ಗೊತ್ತೇ ಇದೆ. ಇವತ್ತು ಮನೆಯವರ ಬಗ್ಗೆ ಮಾತಾಡುವ ಪಾಠ. ಜೊತೆಯಲ್ಲಿ ಕಲಿಯುವವರೊಬ್ಬರು ತಮ್ಮ ಅಜ್ಜಿಯ ಬಗ್ಗೆ ಹೇಳುತ್ತಾ ಉದ್ದಕ್ಕೂ 'ಒಬಸನ್' ಅಂದರು. ಅಜ್ಜಿಗೆ 'ಒಬಾಸನ್' ಅನ್ನಬೇಕು. 'ಒಬಸನ್' ಅಂದರೆ ಚಿಕ್ಕಮ್ಮ, ಅತ್ತೆ, ಇಲ್ಲವೇ ನಡುವಯಸ್ಸಿನ ಯಾರೋ ಒಬ್ಬ ಹೆಂಗಸು. ನಾನು ಮೆಲ್ಲಗೆ ತಿದ್ದಿದೆ. ಪಾಠ ಮಾಡುವವರು ನನ್ನನ್ನೇ ತಡೆದರು. "ಹ್ರಸ್ವ, ದೀರ್ಘ ಎಲ್ಲ ಆಮೇಲೆ ನೋಡೋಣ. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಸಂದರ್ಭ ನೋಡಿ ಕೇಳುವವರಿಗೆ ಅರ್ಥ ಆಗುತ್ತೆ."

ಆಮೇಲೆ ಅಂದರೆ ಯಾವಾಗ? ಅಜ್ಜಿಯ ದೀರ್ಘವನ್ನು ಅಜ್ಜಿಯ ಪಾಠದಲ್ಲೇ ಹೇಳಿಕೊಡದಿದ್ದರೆ ಇನ್ಯಾವಾಗ ಹೇಳಿಕೊಡುತ್ತಾರೆ?

ಜಪಾನಿಯಲ್ಲಿ 'ಬಿರು' ಅಂದರೆ ಕಟ್ಟಡ, 'ಬೀರು' ಅಂದರೆ ಬಿಯರ್. ಟೋಕಿಯೋ ಹೆಸರನ್ನು ಅವರು ತೊ-ಒ-ಕ್ಯೊ-ಒ ಅಂತ ನಾಲ್ಕು ಎಣಿಕೆ ಮಾಡುತ್ತಾರೆ. ಅವರ ಮೂರು ಸಾಲಿನ ಪುಟ್ಟ ಪದ್ಯ ಹೈಕುವಿನ 5-7-5 ಲೆಕ್ಕವೂ ಈ ಎಣಿಕೆಯದ್ದೇ. ದೀರ್ಘ ಬಂದರೆ ಎರಡು. ನಮ್ಮ ಲಘು-ಗುರು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ, ಅಲ್ವಾ? ಜಪಾನಿ ಕಲಿಯುವ ಕನ್ನಡದವರಿಗೆ ಇದು ಹುಟ್ಟಿನಿಂದ ಬಂದ ಆಸ್ತಿ. ಅದನ್ನೇ 'ತಲೆ ಕೆಡಿಸಿಕೊಳ್ಳಬೇಡಿ' ಅಂದರೆ ಹೊಟ್ಟೆ ಉರಿಯುತ್ತದೆ.

ಸಂದರ್ಭ, ಸಂದರ್ಭ ಅನ್ನುತ್ತಾರೆ. ಒಪ್ಪೋಣ, ಎಷ್ಟೋ ಸಲ ಸಂದರ್ಭ ಕೈ ಹಿಡಿಯುತ್ತದೆ. ಆದರೆ ಅಜ್ಜಿ ಬಂದರು, ಚಿಕ್ಕಮ್ಮ ಬಂದರು, ಈ ಎರಡರಲ್ಲಿ ಯಾವುದು ಅಂತ ಯಾವ ಸಂದರ್ಭ ಹೇಳೀತು? ಎರಡೂ ಮನೆಗೆ ಬರುವವರೇ. 'ಬಳೆ ತಗೊಂಡು ಬಾ', 'ಬಾಳೆ ತಗೊಂಡು ಬಾ', ಎರಡೂ ನಿಜವಾದ ಮಾತುಗಳೇ. ಫಿನ್ನಿಶ್ ಭಾಷೆಯಲ್ಲಿ 'ತಪಾನ್ ಸಿನುತ್' ಅಂದರೆ ನಿನ್ನನ್ನು ಭೇಟಿಯಾಗುತ್ತೇನೆ. 'ತಪನ್ ಸಿನುತ್' ಅಂದರೆ ನಿನ್ನನ್ನು ಕೊಲ್ಲುತ್ತೇನೆ. ವಾಕ್ಯದಲ್ಲಿ ಬೇರೇನೂ ಬದಲಾಗಿಲ್ಲ. ಒಂದು ದೀರ್ಘ ಮಾತ್ರ. ಅದಕ್ಕೇ ಫಿನ್ನಿಶ್ ಬರೆಯುವವರು ದೀರ್ಘ ಸ್ವರಕ್ಕೆ ಅದೇ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ, ಎಲ್ಲೂ ತಪ್ಪಿಸುವುದಿಲ್ಲ. ಕೇಳುವವರು ಊಹಿಸಿಕೊಳ್ಳಲಿ ಅಂತ ಬಿಡುವುದಿಲ್ಲ.

ಇನ್ನು ನಮ್ಮದು. ಕೆಡು, ಕೇಡು. ಬಿಡು, ಬೀಡು. ಪಡು, ಪಾಡು. ಇಡು, ಈಡು. ಬಾಯಿಬಿಟ್ಟು ಹೇಳಿ ನೋಡಿ. ಹ್ರಸ್ವ ಇದ್ದಾಗ ಕೆಲಸ, ದೀರ್ಘ ಮಾಡಿದರೆ ಹೆಸರು. ಕೆಟ್ಟದ್ದರಿಂದ ಆದದ್ದು ಕೇಡು. ಬಿಡಾರ ಬಿಟ್ಟ ಜಾಗ ಬೀಡು. ಪಟ್ಟದ್ದು ಪಾಡು. ಮುಂದೆ ಯಾವ ಪ್ರತ್ಯಯವನ್ನೂ ಅಂಟಿಸಿಲ್ಲ, ಸ್ವರವನ್ನು ಎಳೆದಿದ್ದಾರೆ, ಅಷ್ಟೇ. ಇದನ್ನು ಮೊದಲ ಸಲ ಗಮನಿಸಿದ ದಿನ ನನಗೆ ರಾತ್ರಿಯಿಡೀ ಇದೇ ಗುಂಗು. ಎಷ್ಟು ಸಣ್ಣ ಉಪಾಯ, ಎಷ್ಟು ದೊಡ್ಡ ಕೆಲಸ!

ಇಷ್ಟು ಸಿಟ್ಟು ಯಾಕೆ ಅಂತ ಕೇಳಬಹುದು. ಹೇಳಿಬಿಡುತ್ತೇನೆ. ಚಿಕ್ಕವಳಿದ್ದಾಗ ಅಪ್ಪ ನನ್ನಿಂದ ಭಾಮಿನಿ ಷಟ್ಪದಿ ಓದಿಸುತ್ತಿದ್ದರು. ಮೂರು ನಾಲ್ಕು, ಮೂರು ನಾಲ್ಕು, ಚಿಕ್ಕ ಸಾಲಿಗೆ 14 ಮಾತ್ರೆ. ನಾನು ಓದುವಾಗ ಅವರ ಬೆರಳು ಮೊಣಕಾಲಿನ ಮೇಲೆ ಎಣಿಸುತ್ತಿರುತ್ತಿತ್ತು. ಎಲ್ಲೋ ಒಂದು ಹ್ರಸ್ವವನ್ನು ಎಳೆದರೆ ಬೆರಳು ನಿಂತುಬಿಡುತ್ತಿತ್ತು. ಬೈಯುತ್ತಿರಲಿಲ್ಲ. ನಾನೇ ಹಿಂದಕ್ಕೆ ಹೋಗಿ ಹುಡುಕಬೇಕು. ಅಪ್ಪ ಈಗಿಲ್ಲ. ಇವತ್ತು 'ಒಬಸನ್' ಕೇಳಿದಾಗ ಆ ಬೆರಳು ನಿಂತಂತೆ ಆಯಿತು.

'ಇಂಗ್ಲಿಷ್‌ನಲ್ಲಿ ಇದೆಲ್ಲ ಇಲ್ಲವಲ್ಲ' ಅನ್ನುವವರಿದ್ದಾರೆ. ಇಂಗ್ಲಿಷ್‌ನ ಕಥೆಯೇ ಬೇರೆ. ಶಿಪ್, ಶೀಪ್ ಎರಡಕ್ಕೂ ಇರುವ ವ್ಯತ್ಯಾಸ ಬರೀ ಉದ್ದದ್ದಲ್ಲ, ನಾಲಿಗೆ ನಿಲ್ಲುವ ಜಾಗವೂ ಬೇರೆ. ನಾನು ವರ್ಷಗಟ್ಟಲೆ ನಮ್ಮ 'ಇ'ಯನ್ನೇ ಎಳೆದರೆ ಸಾಕು ಅಂದುಕೊಂಡಿದ್ದೆ. ಮಕ್ಕಳಿಗೂ ಹಾಗೇ ಹೇಳಿಕೊಟ್ಟೆ. ತಪ್ಪು ಹೇಳಿಕೊಟ್ಟೆ. ಬೀಟ್, ಬೀಡ್ ಎರಡರಲ್ಲೂ ಇರುವುದು ಒಂದೇ ಸ್ವರ. ಆದರೂ ಕೊನೆಯಲ್ಲಿ 'ಡ್' ಇರುವುದರಿಂದ ಎರಡನೆಯದು ಜಾಸ್ತಿ ಉದ್ದ. ಅವರ ಶಾಲೆಗಳಲ್ಲಿ 'ಎ' (a) ಅಕ್ಷರದ ದೀರ್ಘ ಅನ್ನುವುದು 'ಆ' ಅಲ್ಲ, 'ಏಯ್'. ಹಿಂದೆ ಹಾಗಿರಲಿಲ್ಲ. ಸುಮಾರು 600 ವರ್ಷಗಳ ಹಿಂದೆ 'ನೇಮ್' ಅನ್ನುವ ಪದವನ್ನು ಹೆಚ್ಚುಕಮ್ಮಿ ನಮ್ಮ 'ನಾಮ'ದ ಹಾಗೇ ಹೇಳುತ್ತಿದ್ದರು. ಆಮೇಲಿನ ಎರಡು ಮೂರು ಶತಮಾನಗಳಲ್ಲಿ ಅವರ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಕಾಗುಣಿತ ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು. ಆ ಕಾಗುಣಿತದ ಮೂಲಕ ಬೇರೆ ಭಾಷೆ ಕಲಿಯಲು ಹೊರಟರೆ ದೀರ್ಘ ಕಳೆದುಹೋಗದೆ ಇನ್ನೇನಾಗುತ್ತದೆ?

ಲ್ಯಾಟಿನ್‌ನಲ್ಲಿ 'ಮಲುಮ್' ಅಂದರೆ ಕೆಡುಕು, 'ಮಾಲುಮ್' ಅಂದರೆ ಸೇಬು. ಅದರ ಮಗಳಾದ ಸ್ಪ್ಯಾನಿಶ್‌ಗೆ ಈ ಭೇದವೇ ಉಳಿಯಲಿಲ್ಲ. ಎಸ್ಟೋನಿಯನ್ ಭಾಷೆಯಲ್ಲಿ ಎರಡಲ್ಲ, ಮೂರು ಉದ್ದಗಳಿವೆ. ನಮ್ಮ ಪ್ಲುತ, ಅಂದರೆ ದೀರ್ಘಕ್ಕಿಂತಲೂ ಎಳೆದ ಸ್ವರ, ಕೂಗಿ ಕರೆಯುವಾಗ ಬರುವಂಥದ್ದು. ಅವರಲ್ಲಿ ಮೂರನೆಯ ಉದ್ದ ಪದದ ಅರ್ಥವನ್ನೇ ಬದಲಿಸುತ್ತದೆ.

ಸಂಸ್ಕೃತದಲ್ಲಿ ಹ್ರಸ್ವ 'ಎ', ಹ್ರಸ್ವ 'ಒ' ಇಲ್ಲ. ನಮಗಿವೆ. ತಮಿಳಿನಲ್ಲೂ ಇದ್ದವು, ಆದರೆ ಇವತ್ತಿನ ಹಾಗೆ ಬರಹದಲ್ಲಿ ಬೇರೆ ಬೇರೆಯಾಗಿ ಕಾಣುವಂತೆ ಮಾಡಿದ್ದು 18ನೇ ಶತಮಾನದ ಇಟಲಿಯ ಪಾದ್ರಿ ಬೆಸ್ಕಿ, ಅಂದರೆ ವೀರಮಾಮುನಿವರ್ ಅನ್ನುತ್ತಾರೆ. ಹೊರಗಿನಿಂದ ಬಂದ ಒಬ್ಬರಿಗೆ ಈ ಭೇದ ಅಷ್ಟು ಮುಖ್ಯ ಅನ್ನಿಸಿತ್ತು.

ನಾವೋ, ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುತ್ತೇವೆ. ಬಿ, ಎ, ಎಲ್, ಇ. ಅದು ಬಲೆಯೋ, ಬಳೆಯೋ, ಬಾಲೆಯೋ, ಬಾಳೆಯೋ? 'ಓದು', 'ಓಡು' ಎರಡಕ್ಕೂ ಮೂರೇ ಅಕ್ಷರ, ಅವೇ ಮೂರು. 'ಒಡೆ'ಯಲ್ಲಿರುವುದು ಹ್ರಸ್ವ 'ಒ'. ಅದಕ್ಕೂ ಅದೇ ಗುಂಡಿ. ನಮ್ಮ ಹಿರಿಯರು 'ೕ' ಅನ್ನುವ ಒಂದು ಪುಟ್ಟ ಬಾಲ ಕೊಟ್ಟಿದ್ದಾರೆ. ಕಿ ಕೀ, ಕೆ ಕೇ, ಕೊ ಕೋ, ಎಲ್ಲ ಕಡೆ ಅದೇ ಸಾಕಾಗುತ್ತದೆ. ಅದನ್ನು ಹಾಕಲು ನಮಗೆ ಪುರುಸೊತ್ತಿಲ್ಲ! ನಾನೂ ಹೋದ ತಿಂಗಳವರೆಗೆ ಹಾಗೇ ಬರೆಯುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಈಗ ಕನ್ನಡ ಕೀಲಿಮಣೆ ಹಾಕಿಕೊಂಡಿದ್ದೇನೆ. ನಿಧಾನ ಆಗುತ್ತದೆ, ಆಗಲಿ.

ಮುಂದಿನ ತರಗತಿಯಲ್ಲಿ ನನ್ನ ಸರದಿ. ನನ್ನ ಅಜ್ಜಿಯ ಬಗ್ಗೆ ಹೇಳಬೇಕು. ಪ್ರತಿ ಸಲವೂ 'ಬಾ'ಗೆ ಎರಡು ಮಾತ್ರೆ ಕೊಟ್ಟೇ ಹೇಳುತ್ತೇನೆ. ಬೇಕಾದರೆ ಮತ್ತೆ ತಡೆಯಲಿ.