ಬೇಹುಗಾರಿಕೆಯ ತಪ್ಪು ಎಂಬ ವಾದ ಸಾಲದು

ಅಮೆರಿಕ ಮತ್ತು ಬ್ರಿಟನ್ ನಡೆಸಿದ 2003ರ ಇರಾಕ್ ಯುದ್ಧಕ್ಕೆ, ಇರಾಕ್ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬ ತಪ್ಪು ಬೇಹುಗಾರಿಕಾ ಮಾಹಿತಿಯೇ ಕಾರಣ, ಆ ಸರ್ಕಾರಗಳ ಉದ್ದೇಶ ಪ್ರಾಮಾಣಿಕವಾಗಿತ್ತು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಆಡಿರುವ ಮಾತನ್ನು ಒಪ್ಪಲಾಗದು. ಸದ್ದಾಂ ಹುಸೇನರ ಆಡಳಿತವನ್ನು ತೆಗೆದುಹಾಕುವ ಯತ್ನಗಳನ್ನು ಬೆಂಬಲಿಸುವುದು ಅಮೆರಿಕದ ನೀತಿಯೆಂದು 1998ರ ಕಾನೂನೇ ಸಾರಿತ್ತು. 2002ರ ಜುಲೈನಲ್ಲಿ ಬ್ರಿಟನ್ ಪ್ರಧಾನಿ ನಡೆಸಿದ ಸಭೆಯ ಟಿಪ್ಪಣಿಯಂತೂ, ವಾಷಿಂಗ್ಟನ್ನಿನಲ್ಲಿ ನೀತಿಗೆ ತಕ್ಕಂತೆ ಮಾಹಿತಿಯನ್ನು ಹೊಂದಿಸಲಾಗುತ್ತಿದೆ ಎಂದೇ ದಾಖಲಿಸಿದೆ. ಇವನ್ನೆಲ್ಲ ಬದಿಗಿಟ್ಟರೂ ಒಂದು ಪ್ರಶ್ನೆ ಉಳಿಯುತ್ತದೆ. ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ತಪಾಸಣಾ ತಂಡದ ಮುಖ್ಯಸ್ಥ ಹ್ಯಾನ್ಸ್ ಬ್ಲಿಕ್ಸ್ 2003ರ ಮಾರ್ಚ್ 7ರಂದು ಭದ್ರತಾ ಮಂಡಳಿಯ ಮುಂದೆ, ಉಳಿದ ಕೆಲಸಕ್ಕೆ ವರ್ಷಗಳು ಬೇಡ, ವಾರಗಳು ಸಾಲವು, ಕೆಲವು ತಿಂಗಳು ಬೇಕು ಎಂದಿದ್ದರು. ಎರಡು ವಾರ ಕಳೆಯುವ ಮೊದಲೇ ದಾಳಿ ಆರಂಭವಾಯಿತು. ಆತಂಕ ನಿಜವಾಗಿಯೂ ಶಸ್ತ್ರಾಸ್ತ್ರಗಳದ್ದೇ ಆಗಿದ್ದರೆ, ಅವನ್ನು ಸ್ಥಳದಲ್ಲೇ ಹುಡುಕುತ್ತಿದ್ದವರನ್ನು ಅರ್ಧಕ್ಕೇ ಹೊರಡಿಸುವ ಅಗತ್ಯವೇನಿತ್ತು? ಹಾಗೆಂದು ತೈಲವೊಂದೇ ಕಾರಣವೆನ್ನುವುದೂ (ಅದು ಕೇಳಲು ಸುಲಭವಾದ ಉತ್ತರ) ನನಗೆ ಪೂರ್ಣ ಒಪ್ಪಿಗೆಯಿಲ್ಲ; ಉದ್ದೇಶಗಳು ಹಲವಿದ್ದವು. ಆಗಿನ ಅಮೆರಿಕ ರಕ್ಷಣಾ ಉಪಕಾರ್ಯದರ್ಶಿ ಪಾಲ್ ವುಲ್ಫೊವಿಟ್ಜ್ ಅವರೇ, ಎಲ್ಲರೂ ಒಪ್ಪಬಹುದಾದ ಕಾರಣವೆಂದು ಸಾಮೂಹಿಕ ವಿನಾಶದ ಅಸ್ತ್ರಗಳ ವಿಷಯವನ್ನು ಮುಂದಿಟ್ಟೆವು ಎಂಬರ್ಥದ ಮಾತನ್ನು ಅದೇ ವರ್ಷ ಸಂದರ್ಶನವೊಂದರಲ್ಲಿ ಆಡಿದ್ದರು. ಪ್ರಾಮಾಣಿಕತೆಯನ್ನು ಇಷ್ಟು ದೃಢವಾಗಿ ಸಮರ್ಥಿಸುವ ಲೇಖಕರು ಈ ಹೇಳಿಕೆಗೂ ಉತ್ತರ ಕೊಡಬೇಕಿತ್ತು.