ನನ್ನ ಮೇಲ್‌ಗಳು ಯಾವ ಊರಿಗೆ ಹೋದವು?

ನಾನು ಇಮೇಲ್ ಕಂಪನಿ ಬದಲಿಸಿದೆ. ಹೊಸ ಕಂಪನಿಯವರು 'ಹಳೇ ಮೇಲ್ ಎಲ್ಲಾ ಹಾಗೇ ಬರುತ್ತೆ ಸರ್, ಟೆನ್ಶನ್ ಬೇಡ' ಅಂದಿದ್ದರು. ಬಂತು. 2019ರ ಬಿರಿಯಾನಿ ಆಫರ್ ಚಾಚೂ ತಪ್ಪದೆ ಬಂತು! ಮನೆ ಸಾಲದ ಪತ್ರ, ಮಗಳ ಫೀಸಿನ ರಸೀದಿ ಮಾತ್ರ ಮಂಗಮಾಯ. ಇವತ್ತು ಆಡಿಟರ್ ಫೋನ್ ಮಾಡಿ 'ಫಾರ್ಮ್ 16 ಎಲ್ಲಿ?' ಅಂದಾಗ ತಲೆ ಕೆಟ್ಟೇ ಹೋಯಿತು.

ಸಪೋರ್ಟಿನವರನ್ನು ಕೇಳಿದೆ. 'ಐಮ್ಯಾಪ್‌ನಲ್ಲಿ (ಮೇಲ್ ಓದೋ ಒಂದು ವಿಧಾನ) ಸರ್ವರ್ ಮೇಲೆ, ಅಂದ್ರೆ ಕಂಪನಿಯ ಕಂಪ್ಯೂಟರಲ್ಲಿ, ಇರೋದಷ್ಟೇ ಬರೋದು ಸರ್. ನಿಮ್ಮದು ಪಾಪ್ ಸೆಟ್ಟಿಂಗ್ ಇತ್ತು, ಅಂದ್ರೆ ಮೇಲ್ ನಿಮ್ಮ ಕಂಪ್ಯೂಟರಿಗೇ ಇಳಿಸಿಕೊಳ್ಳೋದು. ಮೇಲ್ ಎಲ್ಲಾ ಹಳೇ ಕಂಪ್ಯೂಟರಿಗೆ ಇಳಿದು, ಸರ್ವರ್‌ನಿಂದ ಅಳಿಸಿಹೋಗಿರಬೇಕು' ಅಂತೆ. ಆ ಕಂಪ್ಯೂಟರ್ ದೀಪಾವಳಿಗೇ ಗುಜರಿ ಸೇರಿತಲ್ಲ! ಮೊದಲೇ ಹೇಳೋಕೆ ಬಾಯಿಗೆ ಬೀಗ ಬಿದ್ದಿತ್ತಾ?

ಇನ್ನು ಬಂದವುಗಳ ತಾರೀಕೋ, ಎಲ್ಲಾ ಮೊನ್ನೆ ಮಂಗಳವಾರದ್ದೇ. ಹನ್ನೆರಡು ವರ್ಷದ ಮೇಲ್‌ಗಳೆಲ್ಲಾ ನನಗೆ ಒಂದೇ ದಿನ ಬಂದಿವೆಯಂತೆ. ನಾನೇನು ಪೋಸ್ಟ್ ಆಫೀಸಾ?